ನೂರು ಕೋಟಿ ವರ್ಷದ ಠೇವಣಿ ಒಡೆಯಲು ಅಹವಾಲೂ ಬೇಡವೇ?

ಕೇಂದ್ರ ಗಣಿ ಸಚಿವಾಲಯವು 2023ರ ಜೂನ್‌ನಲ್ಲಿ ‘ನಿರ್ಣಾಯಕ ಖನಿಜ’ಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಮೂವತ್ತು ಹೆಸರುಗಳ ಆ ಪಟ್ಟಿಯಲ್ಲಿ ಲಿಥಿಯಂ, ಕೋಬಾಲ್ಟ್‌ಗಳ ಸಾಲಿನಲ್ಲೇ ಗ್ರಾಫೈಟ್ ಕೂಡ ಕುಳಿತಿದೆ. ಅದೇ ವರ್ಷ ಗಣಿ ಮತ್ತು ಖನಿಜ ಕಾಯ್ದೆಗೆ ತಿದ್ದುಪಡಿಯಾಯಿತು. ಗ್ರಾಫೈಟ್ ಸೇರಿದಂತೆ 24 ಖನಿಜಗಳ ನಿಕ್ಷೇಪಗಳನ್ನು ಹರಾಜು ಹಾಕುವ ಅಧಿಕಾರ ರಾಜ್ಯಗಳ ಕೈಯಿಂದ ಕೇಂದ್ರದ ಕೈಗೆ ಹೋಯಿತು. 2025ರ ಸೆಪ್ಟೆಂಬರಿನಲ್ಲಿ ಪರಿಸರ ಸಚಿವಾಲಯದ ಒಂದು ಕಚೇರಿ ಜ್ಞಾಪನವು ಇಂಥ ಖನಿಜಗಳ ಗಣಿಗಾರಿಕೆಗೆ ಸಾರ್ವಜನಿಕ ಅಹವಾಲಿನಿಂದಲೇ ವಿನಾಯಿತಿ ಕೊಟ್ಟಿತು. ಸಂಸತ್ತಿನಲ್ಲಿ ಚರ್ಚೆಯಿಲ್ಲ, ಕರಡು ಇಲ್ಲ, ಆಕ್ಷೇಪಣೆಗೆ ಅರವತ್ತು ದಿನಗಳ ಕಾಲಾವಕಾಶವಿಲ್ಲ. ಒಂದು ಜ್ಞಾಪನ, ಅಷ್ಟೇ.

ಇದಕ್ಕೆ ಕೊಡುತ್ತಿರುವ ಸಮರ್ಥನೆ ನಮ್ಮ ಓದುಗರಿಗೆ ಹೊಸದೇನಲ್ಲ. ದೇಶದ ಭದ್ರತೆ, ಚೀನಾದ ಮೇಲಿನ ಅವಲಂಬನೆ, ಹವಾಮಾನ ಬದಲಾವಣೆಗೆ ಮದ್ದು. ವಿದ್ಯುತ್ ವಾಹನದ ಬ್ಯಾಟರಿಯೊಳಗೆ ಋಣಧ್ರುವವಾಗಿ ಕೂರುವುದು ಗ್ರಾಫೈಟ್. ಒಂದು ಕಾರಿಗೆ ಹತ್ತಾರು ಕಿಲೋ ಬೇಕು. ಆದ್ದರಿಂದ ಗ್ರಾಫೈಟ್ ‘ಹಸಿರು ಖನಿಜ’ವಂತೆ. ‘ಅದೂ ಒಂದು ಕಾಲದ ಗಿಡಮರವೇ, ಪ್ರಕೃತಿಯೇ ಮಾಡಿಟ್ಟ ಇಂಗಾಲ, ನಿರುಪದ್ರವಿ’ ಎಂಬ ಮಾತನ್ನು ಸುಶಿಕ್ಷಿತರ ಬಾಯಲ್ಲೂ ಕೇಳುತ್ತಿದ್ದೇವೆ. ಈ ವಾಕ್ಯದಲ್ಲಿ ಒಂದು ತಪ್ಪು, ಒಂದು ಅರೆಸತ್ಯ ಮತ್ತು ಒಂದು ಸುಳ್ಳು ಇವೆ. ಅವನ್ನು ಬಿಡಿಸಿ ನೋಡಬೇಕಾದರೆ ಗ್ರಾಫೈಟ್ ಹುಟ್ಟುವ ಬಗೆಯನ್ನೇ ಮೊದಲಿನಿಂದ ನೋಡಬೇಕು.

ಶಾಲೆಯಲ್ಲಿ ನಾವೆಲ್ಲ ‘ಸೀಸದಕಡ್ಡಿ’ ಹಿಡಿದು ಬರೆದವರು. ಅದರಲ್ಲಿ ಸೀಸವೆಂಬುದು ಎಳ್ಳಷ್ಟೂ ಇಲ್ಲ. ಇಂಗ್ಲೆಂಡಿನ ಬಾರೋಡೇಲ್ ಬೆಟ್ಟದಲ್ಲಿ ಹದಿನಾರನೆಯ ಶತಮಾನದಲ್ಲಿ ಸಿಕ್ಕಿದ ಕಪ್ಪು ವಸ್ತುವನ್ನು ಅಲ್ಲಿಯವರು ಸೀಸದ ಬಗೆಯೆಂದು ತಿಳಿದರು. ಆ ತಪ್ಪು ಹೆಸರು ಸಾಗರ ದಾಟಿ ಕನ್ನಡಕ್ಕೂ ಬಂತು. ಅದು ಇಂಗಾಲವೆಂದು ಶೀಲೆ ಎಂಬ ರಸಾಯನಜ್ಞ ತೋರಿಸಿದ್ದು 1779ರಲ್ಲಿ. ಬರೆಯುವ ಗುಣದಿಂದಲೇ ಅದಕ್ಕೆ ಗ್ರಾಫೈಟ್ ಎಂಬ ಹೆಸರನ್ನು 1789ರಲ್ಲಿ ಇಟ್ಟವನು ವೆರ್ನರ್. ಇಂಗಾಲದ ಪರಮಾಣುಗಳು ಜೇನುಗೂಡಿನಂತೆ ಆರು ಮೂಲೆಗಳ ಜಾಲ ಹೆಣೆದು ಹಾಳೆಯಾಗುತ್ತವೆ. ಹಾಳೆಯೊಳಗಿನ ಬಂಧ ವಜ್ರದಷ್ಟೇ ಗಟ್ಟಿ, ಹಾಳೆಹಾಳೆಗಳ ನಡುವಿನ ಬಂಧ ಮಾತ್ರ ವೀಳ್ಯದೆಲೆಯ ಕಟ್ಟಿನಷ್ಟು ಸಡಿಲ. ಕಾಗದದ ಮೇಲೆ ಎಳೆದಾಗ ಜಾರಿ ಉಳಿಯುವುದು ಆ ಎಲೆಗಳೇ.

ಹಾಳೆ ಹೆಣೆಯಲು ಬೇಕಾದ ಇಂಗಾಲ ಬಂದದ್ದೆಲ್ಲಿಂದ? ನಮ್ಮ ಸೊಪ್ಪಿನಬೆಟ್ಟವನ್ನೇ ನೆನೆಯಿರಿ. ಬೇಸಿಗೆಯಲ್ಲಿ ಉದುರಿದ ದರಕು ಕೊಟ್ಟಿಗೆಗೆ ಬಂದು, ಗೊಬ್ಬರಗುಂಡಿಗೆ ಹೋಗಿ, ಅಡಿಕೆ ಮರದ ಬುಡ ಸೇರಿ, ಒಂದೆರಡು ಮಳೆಗಾಲದಲ್ಲಿ ಮತ್ತೆ ಗಾಳಿಯಾಗುತ್ತದೆ. ಎಲೆ ಹೀರಿದ ಇಂಗಾಲವನ್ನು ಗೆದ್ದಲು, ಅಣಬೆ, ಸೂಕ್ಷ್ಮಜೀವಿಗಳು ಉಸಿರಾಗಿ ಹಿಂದಿರುಗಿಸುತ್ತವೆ. ಸಮುದ್ರದಲ್ಲೂ ಹೀಗೆಯೇ. ತೇಲುಜೀವಿಗಳು ಕಟ್ಟಿದ ಸಾವಯವ ದ್ರವ್ಯದಲ್ಲಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ ಭಾಗವಷ್ಟೇ ತಳದ ಕೆಸರಿನಲ್ಲಿ ಶಾಶ್ವತವಾಗಿ ಹೂತುಹೋಗುತ್ತದೆ. ಉಳಿದದ್ದನ್ನೆಲ್ಲ ಯಾರಾದರೂ ತಿಂದು ಮುಗಿಸುತ್ತಾರೆ. ಆಮ್ಲಜನಕ ತಲುಪದ, ನುಣ್ಣನೆಯ ಜೇಡಿ ಬೇಗಬೇಗನೆ ಮುಚ್ಚಿಬಿಡುವ ತಾಣಗಳಲ್ಲಿ ಮಾತ್ರ ಈ ಚಿಲ್ಲರೆ ಉಳಿಕೆ ಸಾಧ್ಯ. ಗ್ರಾಫೈಟಿನ ಕಥೆಯೆಂದರೆ ಈ ಚಿಲ್ಲರೆಯ ಕಥೆ.

ಹೂತ ದ್ರವ್ಯದ ಮೇಲೆ ಕೆಸರಿನ ಪದರಗಳು ಕೂಡುತ್ತ ಹೋದಂತೆ ಅದು ಆಳಕ್ಕೆ ಇಳಿಯುತ್ತದೆ. ಭೂಚಿಪ್ಪಿನಲ್ಲಿ ಪ್ರತಿ ಕಿಲೋಮೀಟರ್ ಆಳಕ್ಕೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸಿ ಏರುತ್ತದೆ. ಮೊದಲು ಪಿಷ್ಟ, ಪ್ರೋಟೀನು, ಕೊಬ್ಬುಗಳೆಂಬ ಭೇದವೆಲ್ಲ ಅಳಿದು ಕೆರೋಜನ್ ಎಂಬ ಅಂಟು-ಕಗ್ಗಂಟಾಗುತ್ತದೆ. 60ರಿಂದ 120 ಡಿಗ್ರಿಯ ಆಸುಪಾಸಿನಲ್ಲಿ ಅದು ತೈಲವನ್ನು ಬಸಿದು ಕೊಡುತ್ತದೆ. ಇನ್ನೂ ಬಿಸಿಯಾದರೆ ಅನಿಲವನ್ನು. ನಾವು ಸುಡುವ ಪೆಟ್ರೋಲು, ಡೀಸೆಲ್ ಎಲ್ಲವೂ ಈ ಮಧ್ಯದಾರಿಯಲ್ಲಿ ಸೋರಿಹೋದ ಸರಕು. ಜಲಜನಕ, ಆಮ್ಲಜನಕ, ಸಾರಜನಕಗಳು ಹೊರಬಿದ್ದ ಮೇಲೆ ಉಳಿಯುವುದು ಅಸ್ತವ್ಯಸ್ತ ಇಂಗಾಲ. ಅದರಲ್ಲೂ ಅಲ್ಲಲ್ಲಿ ಷಟ್ಕೋನಗಳ ಚೂರುಗಳಿರುತ್ತವೆ, ಆದರೆ ಸಂತೆಯ ಮರುದಿನದ ಬಯಲಿನಂತೆ ದಿಕ್ಕೆಟ್ಟು ಬಿದ್ದಿರುತ್ತವೆ.

ಈ ಚೂರುಗಳು ಒಂದಕ್ಕೊಂದು ಸಮಾನಾಂತರವಾಗಿ ಸಾಲುಗೂಡಿ ಹಾಳೆಯಾಗಲು ಇನ್ನೂ ಬಹುದೂರ ಇಳಿಯಬೇಕು. ಸುಮಾರು 330 ಡಿಗ್ರಿಯಲ್ಲಿ ಅರೆಬರೆ ಸುವ್ಯವಸ್ಥೆ ಕಾಣಿಸುತ್ತದೆ. 650 ಡಿಗ್ರಿಯ ಹೊತ್ತಿಗೆ ನೆಟ್ಟಗಿನ ಹರಳು ಸಿದ್ಧ. ಒಮ್ಮೆ ಸಾಲುಗೂಡಿದ್ದು ತಣ್ಣಗಾದರೂ ಹಿಂದಕ್ಕೆ ಕೆಡುವುದಿಲ್ಲ. ಆದ್ದರಿಂದಲೇ ಭೂವಿಜ್ಞಾನಿಗಳು ಕಲ್ಲಿನೊಳಗಿನ ಕಪ್ಪು ಚುಕ್ಕೆಯ ಮೇಲೆ ಲೇಸರ್ ಬೆಳಕು ಬಿಟ್ಟು, ಮರಳುವ ರಾಮನ್ ವರ್ಣಪಟಲವನ್ನು ಓದಿ, ಆ ಬಂಡೆ ತನ್ನ ಬದುಕಿನಲ್ಲಿ ಕಂಡ ಗರಿಷ್ಠ ತಾಪವನ್ನು ಹೇಳಬಲ್ಲರು. ಈ ವಿಧಾನಕ್ಕೆ ಮೂಲವಾದ ಪರಿಣಾಮವನ್ನು ಕಂಡವರು ನಮ್ಮ ಸಿ.ವಿ. ರಾಮನ್ನರು ಎಂಬುದನ್ನು ಇಲ್ಲಿ ನೆನೆದರೆ ತಪ್ಪಲ್ಲ.

ಒಂದು ವಿಚಿತ್ರವಿದೆ. ಇದೇ ಕೆಲಸವನ್ನು ಕಾರ್ಖಾನೆಯಲ್ಲಿ ಮಾಡಲು 2,500ರಿಂದ 3,000 ಡಿಗ್ರಿಯ ವಿದ್ಯುತ್ ಕುಲುಮೆ ಬೇಕು. ಅಚೆಸನ್ 1896ರಲ್ಲಿ ಹಕ್ಕುಪತ್ರ ಪಡೆದ ವಿಧಾನದ ಕುಲುಮೆಗಳು ಇಂದಿಗೂ ಉರಿಯುತ್ತಿವೆ. ಪೆಟ್ರೋಲಿಯಂ ಕೋಕನ್ನು ತುಂಬಿ ದಿನಗಟ್ಟಲೆ ಕಾಯಿಸುತ್ತಾರೆ. ಭೂಮಿಗೆ ಅದರ ಕಾಲುಭಾಗದ ಬಿಸಿಯೇ ಸಾಕಾಗುವುದು ಹೇಗೆ? ಪರ್ವತಗಳು ಏಳುವಾಗ ಬಂಡೆಗಳು ಒಂದನ್ನೊಂದು ತಿಕ್ಕಿ, ಕತ್ತರಿಸಿ, ನಾದುತ್ತವೆ. ಆ ಒತ್ತಡದಲ್ಲಿ ಇಂಗಾಲದ ಚೂರುಗಳು ಬಲವಂತವಾಗಿ ಒಂದೇ ದಿಕ್ಕಿಗೆ ಮಲಗುತ್ತವೆ. ಬಂಡೆಯ ಬಿರುಕುಗಳಲ್ಲಿ ಹರಿಯುವ ಬಿಸಿದ್ರವಗಳೂ, ಸುತ್ತಲಿನ ಖನಿಜಗಳೂ ನೆರವಾಗುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ ಕಾಲವಿದೆ, ಹತ್ತಾರು ಲಕ್ಷ ವರ್ಷಗಳ ಬಿಡುವಿದೆ. ನಾವು ಕಾಲವನ್ನು ಕೊಡಲಾರದೆ ಬಿಸಿಯನ್ನು ಸುರಿಯುತ್ತೇವೆ. ಆ ಬಿಸಿಗೆ ಬಹಳಷ್ಟು ಕಡೆ ಸುಡುವುದು ಕಲ್ಲಿದ್ದಲು.

ಈಗ ಆ ವಾಕ್ಯದ ತಪ್ಪಿಗೆ ಬರೋಣ. ‘ಅದೂ ಒಂದು ಕಾಲದ ಗಿಡಮರವೇ’ ಎನ್ನುತ್ತಾರಲ್ಲ, ಭೂಮಿಯ ಮೇಲೆ ಮರಗಳು ಬಂದು ಸುಮಾರು 38 ಕೋಟಿ ವರ್ಷಗಳಾದವು. ನಮ್ಮ ಪೂರ್ವಘಟ್ಟದ ಗ್ರಾಫೈಟು ಬೆಂದದ್ದು ಸರಿಸುಮಾರು 100 ಕೋಟಿ ವರ್ಷಗಳ ಹಿಂದೆ. ಅದಕ್ಕೆ ಮೂಲವಾದ ಕೆಸರು ಅದಕ್ಕೂ ಹಳೆಯದು. ಆಗ ನೆಲದ ಮೇಲೆ ಹುಲ್ಲುಕಡ್ಡಿಯೂ ಇರಲಿಲ್ಲ. ಅದು ಕಣ್ಣಿಗೆ ಕಾಣದ ಸಮುದ್ರಜೀವಿಗಳ ಶೇಷ. ಚಿತ್ರದುರ್ಗದ ಶಿಸ್ಟ್ ಪಟ್ಟಿಯಲ್ಲಿ ಸಿಗುವ ಇಂಗಾಲಭರಿತ ಕಪ್ಪು ಕಲ್ಲುಗಳಂತೂ 250 ಕೋಟಿ ವರ್ಷಕ್ಕೂ ಹಿಂದಿನವು. ಗ್ರೀನ್‌ಲ್ಯಾಂಡಿನ ಇಸುವಾದಲ್ಲಿ 370 ಕೋಟಿ ವರ್ಷ ಹಳೆಯ ಶಿಲೆಯೊಳಗೆ ಗ್ರಾಫೈಟಿನ ಪುಡಿಯಿದೆ. ಮಿನಿಕ್ ರೋಸಿಂಗ್ 1999ರಲ್ಲಿ ಅದು ಜೀವಿಗಳದ್ದೇ ಎಂದು ವಾದಿಸಿದ್ದು ಒಂದು ಲೆಕ್ಕದ ಆಧಾರದ ಮೇಲೆ: ಬೆಳಕಿನಿಂದ ಆಹಾರ ಕಟ್ಟುವ ಜೀವಿಗಳು ಹಗುರ ಇಂಗಾಲವನ್ನು ಆಯ್ದುಕೊಳ್ಳುತ್ತವೆ, ಭಾರದ ಇಂಗಾಲವನ್ನು ಬಿಡುತ್ತವೆ. ಸುಣ್ಣಕಲ್ಲಿಗೆ ಹೋಲಿಸಿದರೆ ಅವುಗಳ ಶರೀರದಲ್ಲಿ ಭಾರದ ಇಂಗಾಲ ಸಾವಿರಕ್ಕೆ 25ರಷ್ಟು ಕಡಿಮೆ. ಬೇಯಿಸಿದರೂ, ಅರೆದರೂ ಆ ಗುರುತು ಪೂರ್ತಿ ಅಳಿಯುವುದಿಲ್ಲ. ಎಲ್ಲ ಗ್ರಾಫೈಟೂ ಹೀಗೆ ಹುಟ್ಟಿದ್ದಲ್ಲ ಎಂಬುದನ್ನೂ ಹೇಳಬೇಕು. ಶ್ರೀಲಂಕಾದ ಬೊಗಲಾದಂಥ ಗಣಿಗಳಲ್ಲಿ ಅದು ಬಿರುಕುಗಳಲ್ಲಿ ಹರಿದ ದ್ರವಗಳಿಂದ ಗರಣೆಗಟ್ಟಿ ಸಿರೆಯಾಗಿ ಕೂತಿದೆ.

ಅರೆಸತ್ಯ ಯಾವುದೆಂದರೆ ‘ಪ್ರಕೃತಿಯೇ ಮಾಡಿಟ್ಟ ಇಂಗಾಲ’ ಎಂಬುದು. ಮಾಡಿಟ್ಟದ್ದು ನಿಜ. ಯಾವ ಲೆಕ್ಕದಲ್ಲಿ ಇಟ್ಟಿತು ಎಂಬುದನ್ನು ಯಾರೂ ಹೇಳುವುದಿಲ್ಲ. ಸಾವಯವ ದ್ರವ್ಯ ಕೊಳೆಯದೆ ಹೂತಾಗ, ಅದನ್ನು ಕೊಳೆಸಲು ಖರ್ಚಾಗಬೇಕಿದ್ದ ಆಮ್ಲಜನಕ ಮೇಲೆಯೇ ಉಳಿಯುತ್ತದೆ. ಅದರಲ್ಲಿ ಬಹುಪಾಲು ಕಬ್ಬಿಣಕ್ಕೆ ತುಕ್ಕು ಹಿಡಿಸುವುದರಲ್ಲಿ, ಗಂಧಕವನ್ನು ಸುಡುವುದರಲ್ಲಿ ತೀರಿಹೋಯಿತು. ಮಿಕ್ಕದ್ದೇ ನಾವು ಉಸಿರಾಡುವ ಗಾಳಿಯ ಐದನೇ ಒಂದು ಪಾಲು. ನಮ್ಮ ಚಳವಳಿಯವರೇ ಭಾಷಣಗಳಲ್ಲಿ ‘ಕಾಡು ಆಮ್ಲಜನಕದ ಕಾರ್ಖಾನೆ’ ಎಂದು ಬಹುಕಾಲದಿಂದ ಹೇಳುತ್ತ ಬಂದಿದ್ದೇವೆ, ಅದು ಸರಿಯಲ್ಲ. ಬಲಿತ ಕಾಡು ಕೊಟ್ಟಷ್ಟನ್ನು ತಾನೇ ಹೆಚ್ಚುಕಡಿಮೆ ಖರ್ಚು ಮಾಡುತ್ತದೆ. ಕಾಡನ್ನು ಉಳಿಸಲು ನೀರು, ಮಣ್ಣು, ಜೀವಸಂಕುಲಗಳ ಕಾರಣಗಳು ಸಾಲದೆ ಇಲ್ಲದ ಕಾರಣ ಯಾಕೆ ಬೇಕು? ಆಮ್ಲಜನಕದ ನಿಜವಾದ ಜಮೆ ಇರುವುದು ಕಲ್ಲಿನೊಳಗೆ ಹೂತ ಇಂಗಾಲದ ಎದುರು ಪುಟದಲ್ಲಿ. ಭೂಚಿಪ್ಪಿನ ಶಿಲೆಗಳಲ್ಲಿ ಹೀಗೆ ಚದುರಿ ಹೂತಿರುವ ಸಾವಯವ ಮೂಲದ ಇಂಗಾಲ ಇಂದಿನ ವಾತಾವರಣದಲ್ಲಿರುವ ಇಂಗಾಲದ ಹತ್ತು ಸಾವಿರ ಪಟ್ಟಿಗೂ ಮಿಗಿಲು.

ಈ ಠೇವಣಿಯಲ್ಲಿ ಅತ್ಯಂತ ಭದ್ರವಾದ ಪೆಟ್ಟಿಗೆ ಗ್ರಾಫೈಟ್. ಹಿಮಾಲಯವನ್ನು ನೋಡಿ. ಮಳೆ ಅಲ್ಲಿನ ಬಂಡೆಗಳನ್ನು ಪುಡಿಗಟ್ಟಿ ಗಂಗೆ, ಬ್ರಹ್ಮಪುತ್ರಗಳ ಮೂಲಕ ಬಂಗಾಳ ಕೊಲ್ಲಿಗೆ ಸುರಿಯುತ್ತಿದೆ. ದಾರಿಯಲ್ಲಿ ಗಾಳಿಗೆ ಒಡ್ಡಿಕೊಂಡ ಹಳೆಯ ಇಂಗಾಲ ಉರಿದುಹೋಗಬೇಕಿತ್ತು. ವ್ಯಾಲಿಯರ್ ಗಾಲಿ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಕಂಡುಕೊಂಡದ್ದು ಬೇರೆ: ಅರೆಬೆಂದ, ಅಸ್ತವ್ಯಸ್ತ ಇಂಗಾಲ ದಾರಿಯಲ್ಲಿ ಕರಗಿಹೋಗುತ್ತದೆ, ಚೆನ್ನಾಗಿ ಹರಳುಗಟ್ಟಿದ ಗ್ರಾಫೈಟ್ ಮಾತ್ರ ಪರ್ವತದಿಂದ ಕೊಲ್ಲಿಯ ತಳದವರೆಗೆ ಹಾಗೆಯೇ ಬಂದು ಮತ್ತೊಮ್ಮೆ ಹೂತುಕೊಳ್ಳುತ್ತದೆ. ಬ್ರಹ್ಮಪುತ್ರದಂಥ ನದಿಗೂ ಒಡೆಯಲಾರದ ಬೀಗ ಅದು.

ನಿಸರ್ಗವೂ ಈ ಠೇವಣಿಯನ್ನು ಸ್ವಲ್ಪಸ್ವಲ್ಪವಾಗಿ ಹಿಂತೆಗೆಯುತ್ತದೆ ಎಂಬುದು ನಿಜ. ಜಗತ್ತಿನಾದ್ಯಂತ ಬಂಡೆಗಳು ಶಿಥಿಲವಾಗುವಾಗ ಅವುಗಳೊಳಗಿನ ಪುರಾತನ ಸಾವಯವ ಇಂಗಾಲದಿಂದ ವರ್ಷಕ್ಕೆ ಸುಮಾರು 6.8 ಕೋಟಿ ಟನ್ ಇಂಗಾಲ ಗಾಳಿಗೆ ಸೇರುತ್ತದೆ ಎಂದು 2023ರಲ್ಲಿ ‘ನೇಚರ್’ ಪತ್ರಿಕೆಯ ಅಧ್ಯಯನವೊಂದು ಅಂದಾಜಿಸಿತು. ನಾವು ಕಲ್ಲಿದ್ದಲು, ತೈಲ, ಅನಿಲಗಳಿಂದ ಸೇರಿಸುತ್ತಿರುವುದು ವರ್ಷಕ್ಕೆ ಸುಮಾರು 1,000 ಕೋಟಿ ಟನ್ ಇಂಗಾಲ. ಇಡೀ ಭೂಮಂಡಲದ ಬೆಟ್ಟಗಳು ಸವೆದು ಕೊಡುವುದರ ಹೆಚ್ಚುಕಡಿಮೆ 150 ಪಟ್ಟು.

ಇಂಥ ಠೇವಣಿಯ ಎದುರಿಗೆ ನಮ್ಮ ಇಲಾಖೆಗಳು ಇಡುವ ಜಾಮೀನು ಯಾವುದು? ಪರಿಹಾರಾತ್ಮಕ ಅರಣ್ಯೀಕರಣ. ಮಲೆನಾಡಿನವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಬೋಳುಗುಡ್ಡದ ಮೇಲೆ ಅಕೇಶಿಯಾದ ಸಾಲು. ಅದೂ ಒಂದೆರಡು ದಶಕಗಳಲ್ಲಿ ಕೊಯ್ಲಾಗಿ ಕಾರ್ಖಾನೆಗೆ ಹೋಗುವ ಸಾಲು. ಮರದ ಇಂಗಾಲವೆಂದರೆ ಗೊಬ್ಬರಗುಂಡಿಯ ಇಂಗಾಲ, ಕೈಗಡದ ಹಣ. ಬಂಡೆಯೊಳಗಿನದು ನೂರು ಕೋಟಿ ವರ್ಷದ ಗಂಟು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ‘ಸರಿಹೋಯಿತು’ ಎನ್ನುವ ಲೆಕ್ಕಿಗನನ್ನು ಯಾವ ಸಹಕಾರಿ ಸಂಘವೂ ಒಂದು ದಿನ ಇಟ್ಟುಕೊಳ್ಳುವುದಿಲ್ಲ.

ಇನ್ನು ಉಳಿದದ್ದು ಸುಳ್ಳು: ‘ನಿರುಪದ್ರವಿ’. ಗ್ರಾಫೈಟ್ ಹರಳು ತಾನಾಗಿ ವಿಷವಲ್ಲ, ಮಕ್ಕಳು ಬಾಯಿಗಿಟ್ಟುಕೊಳ್ಳುವ ಕಡ್ಡಿ ಅದು. ಆದರೆ ಅದು ಒಂಟಿಯಾಗಿ ಸಿಗುವುದಿಲ್ಲ. ಅದು ಹುಟ್ಟಿದ ಕೆಸರಿನಲ್ಲಿ ಆಮ್ಲಜನಕವಿರಲಿಲ್ಲ ಎಂದೆನಲ್ಲ, ಅಂಥ ಕೆಸರಿನಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಸಮುದ್ರನೀರಿನ ಸಲ್ಫೇಟನ್ನೇ ಉಸಿರಾಡುತ್ತವೆ. ಹೊರಬಿಟ್ಟ ಗಂಧಕ ಕಬ್ಬಿಣದೊಡನೆ ಕೂಡಿ ಪೈರೈಟ್ ಆಗುತ್ತದೆ. ಕೆಸರು ಬೆಂದು ಕಲ್ಲಾದಾಗ ಇಂಗಾಲ ಗ್ರಾಫೈಟ್ ಆಗುತ್ತದೆ, ಪೈರೈಟಿನಲ್ಲಿ ಒಂದಷ್ಟು ಪಿರೋಟೈಟ್ ಆಗುತ್ತದೆ. ಹೀಗೆ ಇಬ್ಬರೂ ಒಂದೇ ತೊಟ್ಟಿಲಲ್ಲಿ ಬೆಳೆದವರು. ಗ್ರಾಫೈಟ್ ಶಿಸ್ಟನ್ನು ಅಗೆದು ಪುಡಿಮಾಡಿ ಮಳೆಗಾಳಿಗೆ ಬಿಟ್ಟರೆ ಈ ಸಲ್ಫೈಡುಗಳು ಗಂಧಕಾಮ್ಲವನ್ನು ಬಸಿಯುತ್ತವೆ, ಆ ಆಮ್ಲ ಕಲ್ಲಿನೊಳಗಿನ ಭಾರಲೋಹಗಳನ್ನು ಕರಗಿಸಿ ಹಳ್ಳಕ್ಕೆ ತರುತ್ತದೆ. ಗಣಿ ಮುಚ್ಚಿದ ಮೇಲೂ ದಶಕಗಳ ಕಾಲ ಹರಿಯುವ ನೀರು ಅದು.

ಪುಡಿಯ ಪ್ರಮಾಣವಾದರೂ ಎಷ್ಟು? ಹಾಳೆ-ಗ್ರಾಫೈಟಿನ ಅದಿರಿನಲ್ಲಿ ಇಂಗಾಲವಿರುವುದು ಬಹುತೇಕ ಕಡೆ ನೂರಕ್ಕೆ ಐದೋ ಹತ್ತೋ ಹದಿನೈದೋ. ಹತ್ತು ಲಾರಿ ಕಲ್ಲು ತೆಗೆದರೆ ಒಂಬತ್ತು ಲಾರಿ ರಾಡಿ. ಸಿಕ್ಕಿದ ಹಾಳೆಗಳನ್ನು ಬ್ಯಾಟರಿಗೆಂದು ಉರುಟಾದ ಕಣಗಳಾಗಿ ಅರೆಯುವಾಗ ಅರ್ಧಕ್ಕೂ ಹೆಚ್ಚು ಉದುರಿಹೋಗುತ್ತದೆ. ಶೇಕಡಾ 99.95ರ ಶುದ್ಧಿಗೆ ತರಲು ಸಾಮಾನ್ಯವಾಗಿ ಬಳಸುವುದು ಹೈಡ್ರೋಫ್ಲೋರಿಕ್ ಆಮ್ಲ, ಗಾಜನ್ನೇ ಕರಗಿಸುವಂಥದು. ಚೀನಾ ಜಗತ್ತಿನ ನೈಸರ್ಗಿಕ ಗ್ರಾಫೈಟಿನ ಮುಕ್ಕಾಲು ಪಾಲನ್ನು ತೆಗೆಯುತ್ತಿರುವುದರ ಹಿಂದೆ ಈ ಕೊಳೆಯನ್ನು ತನ್ನ ಹಳ್ಳಿಗಳ ಮೇಲೆ ಸುರಿದುಕೊಂಡದ್ದೂ ಒಂದು ಕಾರಣ. 2023ರ ಡಿಸೆಂಬರಿನಿಂದ ಅದು ರಫ್ತಿನ ಮೇಲೆ ನಿಯಂತ್ರಣ ಹೇರಿದಾಗ ನಮ್ಮ ರಾಜಧಾನಿ ಬೆಚ್ಚಿತು. ಅದಕ್ಕೆ ಕಂಡುಕೊಂಡ ಉತ್ತರ ಆ ಕೊಳೆಯನ್ನು ನಮ್ಮ ಬೆಟ್ಟಗಳಿಗೆ ಆಮದು ಮಾಡಿಕೊಳ್ಳುವುದು!

ರಾಡಿಯೆಂದರೆ ಏನೆಂದು ಪಶ್ಚಿಮಘಟ್ಟದವರು ಬಲ್ಲರು. ಕುದುರೆಮುಖದ ಗಣಿ ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಕೊನೆಗೆ ನಿಂತಿತು. ಲಕ್ಯಾ ಅಣೆಕಟ್ಟೆಯ ಹಿಂದೆ ತುಂಬಿದ ಹೂಳು ನಿಂತೇ ಇದೆ. ಅಲ್ಲಿನದು ಕಬ್ಬಿಣದ ಅದಿರು, ಗ್ರಾಫೈಟ್ ಅಲ್ಲ. ಆದರೂ ಗಣಿಯ ಆಯುಷ್ಯಕ್ಕಿಂತ ರಾಡಿಯ ಆಯುಷ್ಯ ದೊಡ್ಡದೆಂಬ ಪಾಠ ಎರಡಕ್ಕೂ ಒಂದೇ.

ಪೂರ್ವಘಟ್ಟದ ಆ ಬಂಡೆಗೊಂದು ಹೆಸರಿದೆ: ಖೊಂಡಲೈಟ್. ಗಾರ್ನೆಟ್, ಸಿಲಿಮನೈಟ್, ಗ್ರಾಫೈಟ್‌ಗಳಿಂದ ಕೂಡಿದ ಈ ಶಿಲೆಗೆ ಟಿ.ಎಲ್. ವಾಕರ್ ಎಂಬ ಭೂವಿಜ್ಞಾನಿ 1902ರಲ್ಲಿ ಆ ಬೆಟ್ಟಗಳ ಖೊಂಡ ಅಥವಾ ಕೊಂಧ ಜನರ ಹೆಸರನ್ನೇ ಇಟ್ಟ. ಕೊನಾರ್ಕದ ಸೂರ್ಯದೇವಾಲಯವನ್ನು ಕಟ್ಟಿದ್ದೂ ಬಹುಪಾಲು ಈ ಕಲ್ಲಿನಿಂದಲೇ. ಒಡಿಶಾದ ನಿಯಮಗಿರಿಯ ನೆತ್ತಿಯ ಮೇಲಿರುವ ಬಾಕ್ಸೈಟ್ ಇದೇ ಖೊಂಡಲೈಟ್ ಮಳೆಯಲ್ಲಿ ಕೊಳೆತು ಆದದ್ದು. ಆ ಬಾಕ್ಸೈಟಿಗಾಗಿ ಬೆಟ್ಟವನ್ನು ಕೇಳಿದಾಗ ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್ 18ರಂದು ‘ಗ್ರಾಮಸಭೆಗಳನ್ನು ಕೇಳಿ’ ಎಂದಿತು. ಆ ಮಳೆಗಾಲದಲ್ಲಿ ಹನ್ನೆರಡು ಗ್ರಾಮಸಭೆಗಳು ಸೇರಿದವು. ಡೊಂಗ್ರಿಯಾ ಕೊಂಧರು ಹನ್ನೆರಡರಲ್ಲೂ ಬೇಡವೆಂದರು. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅನುಮತಿ ನಿರಾಕರಿಸಿತು. ಕಲ್ಲಿಗೆ ಯಾರ ಹೆಸರಿತ್ತೋ ಅವರ ಮಾತು ನಡೆಯಿತು.

ಅದೇ ಕಲ್ಲಿನೊಳಗಿನ ಗ್ರಾಫೈಟಿಗಾಗಿ ನಾಳೆ ಇನ್ನೊಂದು ಬೆಟ್ಟವನ್ನು ಕೇಳಿದರೆ, ಪರಿಸರ ಅನುಮತಿಯ ಹಂತದಲ್ಲಿ ಅಲ್ಲಿನ ಜನರನ್ನು ಕೇಳುವ ಕಡ್ಡಾಯವೇ ಈಗ ಉಳಿದಿಲ್ಲ. ಅರಣ್ಯಹಕ್ಕು ಕಾಯ್ದೆಯಡಿಯ ಗ್ರಾಮಸಭೆಯ ಒಪ್ಪಿಗೆ ಬೇರೆ ವಿಷಯ, ಅದು ಇನ್ನೂ ಜೀವಂತವಾಗಿದೆ ಎಂದು ಅಧಿಕಾರಿಗಳು ಹೇಳಬಹುದು. ಕಾಗದದ ಮೇಲೆ ನಿಜ. ಆದರೆ 2022ರ ಅರಣ್ಯ ಸಂರಕ್ಷಣಾ ನಿಯಮಗಳು ಆ ಒಪ್ಪಿಗೆಯನ್ನು ಖಾತ್ರಿಪಡಿಸಿಕೊಳ್ಳುವ ಹೊಣೆಯನ್ನು ಕೇಂದ್ರದ ಹೆಗಲಿಂದ ಇಳಿಸಿ, ಅನುಮತಿ ಸಿಕ್ಕ ನಂತರ ರಾಜ್ಯಗಳು ನೋಡಿಕೊಳ್ಳಲಿ ಎಂದು ಬಿಟ್ಟಿವೆ. ಮದುವೆ ಮುಗಿದ ಮೇಲೆ ಹುಡುಗಿಯ ಒಪ್ಪಿಗೆ ಕೇಳುವ ಸಂಪ್ರದಾಯ ಇದು.

ಹಾಗಾದರೆ ಗ್ರಾಫೈಟ್ ಬೇಡವೇ, ಕಲ್ಲಿದ್ದಲನ್ನೇ ಸುಡುತ್ತಿರೋಣವೇ ಎಂದು ಕೇಳುವವರಿಗೆ ನೇರ ಉತ್ತರ ಕೊಡಬೇಕು. ಬ್ಯಾಟರಿಯ ಗ್ರಾಫೈಟ್ ಉರಿಯುವುದಿಲ್ಲ. ವರ್ಷಗಟ್ಟಲೆ ಕೆಲಸ ಮಾಡಿ ಹಾಗೆಯೇ ಉಳಿಯುತ್ತದೆ. ಕಲ್ಲಿದ್ದಲಿಗೂ ಅದಕ್ಕೂ ಅಜಗಜಾಂತರ, ಇದನ್ನು ಒಪ್ಪದಿದ್ದರೆ ನಾವು ಅಪ್ರಾಮಾಣಿಕರಾಗುತ್ತೇವೆ. ಆದರೆ ಬ್ಯಾಟರಿ ಸತ್ತ ಮೇಲೆ ಏನಾಗುತ್ತದೆ? ಕುಲುಮೆಯಲ್ಲಿ ಕರಗಿಸಿ ಮರುಬಳಕೆ ಮಾಡುವ ಘಟಕಗಳಿಗೆ ಬೇಕಾದದ್ದು ಕೋಬಾಲ್ಟ್, ನಿಕ್ಕೆಲ್. ಗ್ರಾಫೈಟನ್ನು ಅಲ್ಲಿ ಉರುವಲಾಗಿ ಸುಟ್ಟುಬಿಡುತ್ತಾರೆ. ಹಿಮಾಲಯದ ನದಿಗಳು ಒಡೆಯದ ಬೀಗವನ್ನು ‘ಹಸಿರು’ ಕುಲುಮೆ ಕೆಲವು ಗಂಟೆಗಳಲ್ಲಿ ಒಡೆಯುತ್ತದೆ. ಬೆಟ್ಟ ಹರಾಜಿಗಿಡುವ ಉತ್ಸಾಹದ ಹತ್ತರಲ್ಲೊಂದು ಪಾಲು ಹಳೆಯ ಬ್ಯಾಟರಿಯಿಂದ ಗ್ರಾಫೈಟನ್ನು ಬೇರ್ಪಡಿಸುವ ನಿಯಮಕ್ಕೆ ಹೋಗಿದ್ದರೆ ಸರ್ಕಾರದ ಮಾತನ್ನು ನಂಬಬಹುದಿತ್ತು. ಎರಡು ಟನ್ ತೂಕದ ಕಾರಿನಲ್ಲಿ ಒಬ್ಬನೇ ಕುಳಿತು ಹೋಗುವುದಕ್ಕೂ, ಊರಿನವರೆಲ್ಲ ಹತ್ತುವ ಬಸ್ಸಿಗೂ ಬೇಕಾಗುವ ಗ್ರಾಫೈಟ್ ತಲೆಯೊಂದಕ್ಕೆ ಎಷ್ಟೆಂಬ ಲೆಕ್ಕವನ್ನೂ ಯಾರಾದರೂ ಹಾಕಿ ತೋರಿಸಲಿ.

ಈ ಸಂಚಿಕೆ ತಲುಪುವ ಹೊತ್ತಿಗೆ ನಮ್ಮ ಗುಂಪಿನ ಕಡೆಯಿಂದ ಪರಿಸರ ಸಚಿವಾಲಯಕ್ಕೆ ಪತ್ರ ಹೋಗಿರುತ್ತದೆ. ಅದರಲ್ಲಿ ಕೇಳಿರುವುದು ಹೆಚ್ಚೇನಲ್ಲ: ಅಹವಾಲಿನ ವಿನಾಯಿತಿಯನ್ನು ಹಿಂದಕ್ಕೆ ಪಡೆಯಿರಿ, ಗ್ರಾಫೈಟ್ ನಿಕ್ಷೇಪವನ್ನು ಹರಾಜಿಗಿಡುವ ಮುನ್ನ ಆ ಕಲ್ಲಿನಲ್ಲಿ ಸಲ್ಫೈಡ್ ಎಷ್ಟಿದೆ, ನೀರಿಗೆ ಬಿಟ್ಟರೆ ಎಷ್ಟು ಆಮ್ಲ ಬಸಿಯುತ್ತದೆ ಎಂಬ ಪರೀಕ್ಷೆಯ ವರದಿಯನ್ನು ಸ್ಥಳೀಯ ಭಾಷೆಯಲ್ಲಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಿ. ಓದುಗರು ತಮ್ಮ ತಾಲ್ಲೂಕಿನಲ್ಲಿ ಇಂಥ ಖನಿಜಗಳ ಶೋಧಕ್ಕೆ ಪರವಾನಗಿ ಕೊಟ್ಟಿದ್ದಾರೆಯೇ, ಯಾವ ಸರ್ವೆ ನಂಬರುಗಳಲ್ಲಿ ಎಂದು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬೇಕು. ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ ಮೂವತ್ತು ದಿನ. ಬಂದ ಉತ್ತರದ ಒಂದು ಪ್ರತಿಯನ್ನು ನಮಗೂ ಕಳಿಸಿ.